ಬೆಕ್ಕಿನ ಶಕ್ತಿಯ ಹುಡುಗಿ ಸೋತಾಗ ಬೈಸಿಕೊಂಡವರು ಯಾರು?

ಅಮಾಸೆಬೈಲಿಂದ ಕುಂದಾಪುರಕ್ಕೆ ಹೋಗೋ ಬಸ್ಸಲ್ಲಿ ಕೂತು ಕೇಳ್ತಿರೋರಿಗೂ, ರಾತ್ರಿ ಹಾಸಿಗೆಯಲ್ಲಿ ಕೇಳ್ತಿರೋರಿಗೂ ಸ್ವಾಗತ. ಇವತ್ತು ಒಂದು ಫ್ಲಾಪ್ ಸಿನಿಮಾ ಕಥೆ.

2004ರ 'ಕ್ಯಾಟ್‌ವುಮನ್'. ನಾಯಕಿ ಹ್ಯಾಲೆ ಬೆರ್ರಿ. ಸೌಂದರ್ಯವರ್ಧಕ ಕಂಪನಿಯಲ್ಲಿ ಕೆಲಸ ಮಾಡೋ ಹುಡುಗಿಗೆ, ಅಲ್ಲಿನ ಹೊಸ ಕ್ರೀಮ್ ಅಪಾಯಕಾರಿ ಅಂತ ಗೊತ್ತಾಗುತ್ತೆ. ಅವಳನ್ನ ಕೊಲ್ತಾರೆ. ಒಂದು ಬೆಕ್ಕು ಅವಳಿಗೆ ಮರುಜೀವ ಕೊಡುತ್ತೆ. ಆಮೇಲೆ ಎತ್ತರದಿಂದ ಹಾರ್ತಾಳೆ, ಡಬ್ಬಿಗಟ್ಟಲೆ ಮೀನು ತಿಂತಾಳೆ. ಮೀನು ತಿನ್ನೋದು ಕುಂದಾಪುರದೋರಿಗೆ ಸೂಪರ್‌ಪವರ್ ಅನ್ಸಲ್ಲ ಬಿಡಿ!

ಸುಮಾರು 10 ಕೋಟಿ ಡಾಲರ್ ಖರ್ಚಾಯ್ತು, ಜಗತ್ತಿನಾದ್ಯಂತ ಬಂದಿದ್ದು ಸುಮಾರು 8.2 ಕೋಟಿ. ಸೋತಿದ್ದು ಯಾಕೆ? ಕಾಮಿಕ್ಸ್‌ನಲ್ಲಿ 1940ರಿಂದ ಇದ್ದ ಕಳ್ಳಿ ಸೆಲಿನಾ ಕೈಲ್‌ಳನ್ನ ಬಿಟ್ಟು ಬೇರೆಯವಳನ್ನ ತಂದರು. ಬ್ಯಾಟ್‌ಮ್ಯಾನ್ ಇಲ್ಲ, ಅವಳ ಊರು ಗಾಥಮ್ ಇಲ್ಲ. ಅಷ್ಟು ಶಕ್ತಿ ಬಂದವಳ ಎದುರಿಗೆ ನಿಂತಿದ್ದು ಒಂದು ಫೇಸ್ ಕ್ರೀಮ್. 2005ರಲ್ಲಿ ಕೆಟ್ಟ ನಟನೆಯ 'ರಾಝಿ' ಪ್ರಶಸ್ತಿ ಬಂದಾಗ, ಹ್ಯಾಲೆ ಬೆರ್ರಿ ಕೈಯಲ್ಲಿ ಆಸ್ಕರ್ ಹಿಡಕೊಂಡೇ ವೇದಿಕೆಗೆ ಬಂದು ತಗೊಂಡರು.

ಅಸಲಿ ಪೆಟ್ಟು ಬಿದ್ದಿದ್ದು ಬೇರೆಯವರಿಗೆ. 2014ರಲ್ಲಿ ಮಾರ್ವೆಲ್‌ನ ಐಕ್ ಪರ್ಲ್‌ಮಟರ್ ಸೋನಿ ಮುಖ್ಯಸ್ಥರಿಗೆ ಒಂದು ಇಮೇಲ್ ಕಳಿಸಿದ್ದರು. ಸೋತ ನಾಯಕಿಪ್ರಧಾನ ಚಿತ್ರಗಳ ಪಟ್ಟಿ ಅದು. ಹತ್ತು ವರ್ಷ ಕಳೆದರೂ ಅದರಲ್ಲಿ 'ಕ್ಯಾಟ್‌ವುಮನ್' ಇತ್ತು. 2011ರಲ್ಲಿ 'ಗ್ರೀನ್ ಲ್ಯಾಂಟರ್ನ್' ಮಕಾಡೆ ಮಲಗ್ತು. ಇನ್ಮೇಲೆ ಗಂಡಸರ ಸೂಪರ್‌ಹೀರೋ ಸಿನಿಮಾ ಓಡಲ್ಲ ಅಂತ ಯಾರಾದ್ರೂ ಅಂದ್ರಾ?

2017ರಲ್ಲಿ 'ವಂಡರ್ ವುಮನ್' 82 ಕೋಟಿ ಡಾಲರ್ ಗಳಿಸ್ತು. 2025ರಲ್ಲಿ ಪಕ್ಕದ ಮಲಯಾಳಂನಿಂದ 'ಲೋಕಃ' ಬಂತು. ಕೇರಳದ ಜನಪದ ಯಕ್ಷಿ ನೀಲಿಯನ್ನ ಬೆಂಗಳೂರಿಗೆ ತಂದು ನಿಲ್ಲಿಸಿದ ಕಥೆ, ನಾಯಕಿ ಕಲ್ಯಾಣಿ ಪ್ರಿಯದರ್ಶನ್. ಗಳಿಕೆ 300 ಕೋಟಿ ರೂಪಾಯಿ ದಾಟ್ತು. ಅವಳ ಶಕ್ತಿಗೆ ಒಂದು ಊರಿತ್ತು, ಹಳೇ ಸಿಟ್ಟಿತ್ತು.

ನಮ್ಮ ಕಡೆ ಇದು ಹೊಸದೇನಲ್ಲ. ಹುಲಿಯೂ ಬೆಕ್ಕಿನ ಜಾತಿಯದ್ದೇ ತಾನೆ? ಉಡುಪಿಯ ಅಷ್ಟಮಿ ಹುಲಿವೇಷದಲ್ಲಿ ಈಗ ಹೆಣ್ಮಕ್ಕಳೂ ಬಣ್ಣ ಹಚ್ಚಿ ಕುಣೀತಾರೆ. ತಾಸೆ ಪೆಟ್ಟು ಬಿದ್ದ ಮೇಲೆ ಜನ ನೋಡೋದು ಕುಣಿತವನ್ನ ಮಾತ್ರ.

ಹಾಗಾಗಿ ಮುಂದಿನ ಸಲ ನಾಯಕಿಯ ಸಿನಿಮಾ ಸೋತರೆ, ಸೋತಿದ್ದು ಕಥೆಯಾ ಹೆಣ್ಣಾ ಅಂತ ಕೇಳಿ. ಅಮಾಸೆಬೈಲಲ್ಲಿ ಕೂತು ಮೊಬೈಲಲ್ಲೇ ಕಥೆ ಬರೀತಿರೋ ಹುಡುಗಿ ಇದನ್ನ ಕೇಳ್ತಿದ್ರೆ, ಬರವಣಿಗೆ ನಿಲ್ಲಿಸ್ಬೇಡ ಮಾರಾಯ್ತಿ. ಮತ್ತೆ ಸಿಗೋಣ.