ಎದೆ ನೋಯಲಿಲ್ಲ ಅಂದ ಮಾತ್ರಕ್ಕೆ

ಕೊಯಮತ್ತೂರಿನ ಗಾಂಧಿಪುರಂ ಬಸ್ ನಿಲ್ದಾಣದಲ್ಲಿ ಕನ್ನಡ ಕಿವಿಗೆ ಬಿದ್ದರೆ ಅಚ್ಚರಿಯಿಲ್ಲ. ಮೈಸೂರಿನ ಬಸ್ಸು ಇಳಿದವರಷ್ಟೇ ಅಲ್ಲ, ತಲೆಮಾರುಗಳಿಂದ ಈ ಊರಲ್ಲಿರುವ ದೇವಾಂಗ ನೇಕಾರರ ಮನೆಮಾತೂ ಕನ್ನಡವೇ. ಇಲ್ಲಾಗಲಿ ಹಾಸನದಲ್ಲಾಗಲಿ ಹೃದಯದ ವಿಚಾರದಲ್ಲಿ ಜನರ ಲೆಕ್ಕ ಒಂದೇ: ಎದೆ ನೋಯದಿದ್ದರೆ ಹೃದಯ ಗಟ್ಟಿಯಾಗಿದೆ.

ದೇಹದ ಲೆಕ್ಕ ಬೇರೆ. ಹೃದಯದ ಸ್ನಾಯುವಿಗೆ ರಕ್ತ ಸಾಲದಾದಾಗ ಮೊದಲು ಅದು ಸಡಿಲಗೊಳ್ಳಲು ತಿಣುಕುತ್ತದೆ, ಆಮೇಲೆ ಹಿಂಡುವ ಬಲ ತಗ್ಗುತ್ತದೆ, ನಂತರ ಇಸಿಜಿಯ ಗೆರೆ ಬದಲಾಗುತ್ತದೆ. ನೋವಿನ ಸರದಿ ಕಟ್ಟಕಡೆಗೆ. ಎಷ್ಟೋ ಸಲ ಅಷ್ಟರೊಳಗೆ ರಕ್ತ ಮತ್ತೆ ಹರಿದು, ಆದದ್ದೇನೆಂದು ಆ ಮನುಷ್ಯನಿಗೆ ತಿಳಿಯುವುದೇ ಇಲ್ಲ.

ಇದನ್ನು ಬಯಲಿಗೆಳೆದದ್ದು ಅಮೆರಿಕದ ನಾರ್ಮನ್ ಹೋಲ್ಟರ್ ರೂಪಿಸಿದ ಯಂತ್ರ. ಮೊದಮೊದಲು ಬೆನ್ನಿಗೆ ಹೊರಬೇಕಿದ್ದ ಅದರ ತೂಕ ಸುಮಾರು 38 ಕಿಲೋ! ಅದು ಸಣ್ಣದಾಗಿ ದಿನವಿಡೀ ಇಸಿಜಿ ದಾಖಲಿಸಲು ಸಾಧ್ಯವಾದ ಮೇಲೆ, ಎದೆನೋವಿನ ರೋಗಿಗಳಲ್ಲೂ ರಕ್ತ ಕೊರತೆಯ ಹೆಚ್ಚಿನ ಗಳಿಗೆಗಳು ನೋವಿಲ್ಲದೆ ಕಳೆಯುತ್ತವೆಂದು ಗೊತ್ತಾಯಿತು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಹೃದಯ ಅಧ್ಯಯನದ 1984ರ ವರದಿಯಲ್ಲಂತೂ ನಾಲ್ಕರಲ್ಲಿ ಒಂದು ಹೃದಯಾಘಾತ ಪತ್ತೆಯಾದದ್ದೇ ಆಮೇಲಿನ ಇಸಿಜಿಯಲ್ಲಿ.

ಸಕ್ಕರೆ ಕಾಯಿಲೆ ಹಳೆಯದಾದರೆ ನೋವಿನ ಸುದ್ದಿ ಒಯ್ಯುವ ನರಗಳೇ ಮಂಕಾಗುತ್ತವೆ. ಆಗ ಬರುವುದು ಮೇಲುಸಿರು, ಸುಸ್ತು, ತಣ್ಣನೆಯ ಬೆವರು. ಮನೆಯವರು 'ಗ್ಯಾಸು' ಅಂದು ಸೋಡಾ ಕುಡಿಸುತ್ತಾರೆ. ತೇಗು ಬಂದು ಹಾಯೆನಿಸುತ್ತದೆ. ತೊಂದರೆ ಇರುವುದೇ ಅಲ್ಲಿ.

ಹಾಗೆಂದು ಎಲ್ಲರೂ ಪರೀಕ್ಷೆಗೆ ಓಡಬೇಕೆ? 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡಾಗ, 2025ರಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ, ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಆ ಭಯ ಸಹಜ. ಆದರೆ ಮಲಗಿಸಿ ತೆಗೆದ ಇಸಿಜಿ ಚೆನ್ನಾಗಿದ್ದೂ ರಕ್ತನಾಳ ಕಟ್ಟಿಕೊಂಡಿರಬಹುದು. ಇನ್ನು 2009ರಲ್ಲಿ ಪ್ರಕಟವಾದ 'ಡಯಾಡ್' ಅಧ್ಯಯನದಲ್ಲಿ, ಹೃದಯದ ಲಕ್ಷಣಗಳೇ ಇಲ್ಲದ 1,123 ಸಕ್ಕರೆ ರೋಗಿಗಳ ಪೈಕಿ ಅರ್ಧದಷ್ಟು ಜನರನ್ನು ಸ್ಕ್ಯಾನ್ ಮಾಡಿದರು. ಐವರಲ್ಲಿ ಒಬ್ಬರಿಗೆ ದೋಷ ಕಂಡಿತು. ಆದರೂ ಸುಮಾರು ಐದು ವರ್ಷದ ಕೊನೆಗೆ ಎರಡೂ ಗುಂಪುಗಳ ಆಘಾತ, ಸಾವುಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ.

ಹೀಗಾಗಿ ದುಬಾರಿ ಚೆಕಪ್ ಪ್ಯಾಕೇಜಿಗಿಂತ ಬಿಪಿ, ಸಕ್ಕರೆಯ ಮಾತ್ರೆ ತಪ್ಪದಿರುವುದು, ಬೀಡಿ ಸಿಗರೇಟು ಬಿಡುವುದು ಮೇಲೆಂದು ನನಗನ್ನಿಸುತ್ತದೆ. ತಮಿಳುನಾಡಿನಲ್ಲಿ 2021ರಿಂದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಡಿ ಆ ಮಾತ್ರೆಗಳು ಮನೆ ಬಾಗಿಲಿಗೇ ಬರುತ್ತಿವೆ. ಇಷ್ಟರ ಮೇಲೂ, ಹೋದ ವರ್ಷ ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲಲ್ಲಿ ಈಗ ನಡುವೆ ನಿಲ್ಲುವಂತಾಗಿದ್ದರೆ ಡಾಕ್ಟರಿಗೆ ಅದನ್ನೇ ಹೇಳಬೇಕು. ಟ್ರೆಡ್‌ಮಿಲ್ ಪರೀಕ್ಷೆ ಬೇಕೋ ಬೇಡವೋ ಎಂದು ಅವರು ನಿರ್ಧರಿಸುವುದು ಇಂಥ ಮಾತಿನ ಮೇಲೆಯೇ.