ಕೆಲಸ ಮರಳಿತು, ಶಾಲೆ ಮರಳಲಿಲ್ಲ

ಪುಣೆಯ ವಾರ್ಜೆ ಕಡೆಯ ಮಜೂರ್ ಅಡ್ಡಾದಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ನಿಂತರೆ ಮರಾಠಿಯಷ್ಟೇ ಕನ್ನಡವೂ ಕಿವಿಗೆ ಬೀಳುತ್ತದೆ. ಯಾದಗಿರಿ, ಕಲಬುರಗಿ, ವಿಜಯಪುರದ ಕನ್ನಡ. ಬುತ್ತಿ ಗಂಟು ಹಿಡಿದು, ಗುತ್ತಿಗೆದಾರನ ಟೆಂಪೊಗಾಗಿ ಕಾಯುವ ಗಂಡಸರು, ಹೆಂಗಸರು. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನ ಗಂಡನೂ ಅಲ್ಲೇ ನಿಲ್ಲುತ್ತಾರೆ. ಅವರದು ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯ ಊರು.

ಆರ್ಥಿಕ ಹಿಂಜರಿತದ ಸುದ್ದಿ ನಮಗೆ ಮುಟ್ಟುವುದು ಆಫೀಸಿನ ಇ-ಮೇಲ್‌ನಲ್ಲಿ: ಈ ವರ್ಷ ಇನ್‌ಕ್ರಿಮೆಂಟ್ ಇಲ್ಲ, ಹೊಸ ನೇಮಕಾತಿ ಇಲ್ಲ. ಅವರಿಗೆ ಮುಟ್ಟುವುದು ಅಡ್ಡಾದಲ್ಲಿ. ನಾವು ಫ್ಲ್ಯಾಟ್ ಕೊಳ್ಳುವುದನ್ನು ಮುಂದೂಡುತ್ತೇವೆ, ಬಿಲ್ಡರ್ ಕೆಲಸ ನಿಧಾನ ಮಾಡುತ್ತಾನೆ, ಟೆಂಪೊ ಬರುವುದು ಕಡಿಮೆಯಾಗುತ್ತದೆ. ದಿನಗೂಲಿ ಕೂಡಲೇ ಇಳಿಯುವುದಿಲ್ಲ. ಇಳಿಯುವುದು ಕೆಲಸ ಸಿಗುವ ದಿನಗಳು. ತಿಂಗಳಿಗೆ ಇಪ್ಪತ್ತೆರಡು ದಿನ ಇದ್ದದ್ದು ಹನ್ನೆರಡಾದರೂ ಖೋಲಿ ಬಾಡಿಗೆ ಮಾತ್ರ ಅಷ್ಟೇ.

ಮುಂದಿನದು ಒಂದೊಂದೇ ಮೆಟ್ಟಿಲು ಇಳಿಯುವ ಲೆಕ್ಕ. ಮೊದಲು ಹಾಲು, ತರಕಾರಿ ನಿಲ್ಲುತ್ತವೆ. ಆಮೇಲೆ ಕಿರಾಣಿ ಅಂಗಡಿಯಲ್ಲಿ ಉದ್ರಿ. ಆಮೇಲೆ ಕಿವಿಯೋಲೆ ಅಡವು. ಕೊನೆಗೆ ಮಕ್ಕಳ ಶಾಲೆ.

ಇದನ್ನು ನಾನು ತೀರ ಹತ್ತಿರದಿಂದ ನೋಡಿದ್ದು 2020ರಲ್ಲಿ. ಆ ವರ್ಷದ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ದೇಶದ ಜಿಡಿಪಿ ಸುಮಾರು ಶೇ 24ರಷ್ಟು ಕುಸಿಯಿತು. ನಮ್ಮ ಕಂಪನಿ ಸಂಬಳದಲ್ಲಿ ಶೇ 20 ಕಡಿತ ಮಾಡಿತು. ಅಕ್ಕನಿಗೆ ಏಪ್ರಿಲ್ ಪಗಾರ ಕೊಟ್ಟೆ. ಮೇ ತಿಂಗಳಲ್ಲಿ ಫೋನ್ ಮಾಡಿ, ‘ಸದ್ಯ ಬರಬೇಡಿ, ಎಲ್ಲ ಸರಿಹೋದ ಮೇಲೆ ನೋಡೋಣ’ ಎಂದೆ. ನನಗೆ ಅದು ಖರ್ಚಿನ ಪಟ್ಟಿಯ ಒಂದು ಸಾಲು. ಅವರು ದುಡಿಯುತ್ತಿದ್ದ ನಾಲ್ಕು ಮನೆಗಳೂ ಅದನ್ನೇ ಹೇಳಿದ್ದವು ಎಂದು ಗೊತ್ತಾಗಿದ್ದು ಆಮೇಲೆ.

ಅವರು ಊರಿಗೆ ಹೋದರು, ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊತ್ತರು. ಹಾಗೆ ಹೋದವರು ಅವರೊಬ್ಬರೇ ಅಲ್ಲ. 2020–21ರಲ್ಲಿ ದೇಶದ ಸುಮಾರು 7.5 ಕೋಟಿ ಕುಟುಂಬಗಳು ಆ ಯೋಜನೆಯಲ್ಲಿ ದುಡಿದವು. ಹಿಂದಿನ ವರ್ಷ ಸುಮಾರು 265 ಕೋಟಿ ಇದ್ದ ಮಾನವ ದಿನಗಳು ಸುಮಾರು 389 ಕೋಟಿಗೆ ಏರಿದವು. ಎಷ್ಟೋ ವರ್ಷ ಇಳಿಯುತ್ತಲೇ ಬಂದಿದ್ದ ಕೃಷಿ ಅವಲಂಬಿತರ ಪ್ರಮಾಣವೂ ಮತ್ತೆ ಏರಿತು. ಬೇಸಾಯ ಲಾಭಕ್ಕೆ ಬಂತೆಂದಲ್ಲ, ಬೇರೆ ದಾರಿ ಇರಲಿಲ್ಲವೆಂದು.

ಡಿಸೆಂಬರಿನಲ್ಲಿ ಅಕ್ಕ ಮರಳಿದಾಗ ಜೊತೆಗೆ ಹಿರಿಮಗಳಿದ್ದಳು. ಎಂಟನೇ ತರಗತಿಯವಳು. ‘ಇವಳ ಶಾಲೆ?’ ಎಂದೆ.

‘ಸಾಲಿ ಬಿಡಿಸೇನ್ರಿ ಅಕ್ಕಾರ. ಫೋನಿನ್ಯಾಗ ಸಾಲಿ ಅಂದ್ರು, ಇರೋದೊಂದು ಫೋನು ಅವರಪ್ಪನ ಕೈಯಾಗ. ಓಲೆ ಬಿಡಸ್ಬೇಕು, ಸಾಲ ಮುಟ್ಟಸ್ಬೇಕು. ಇಬ್ರು ದುಡದ್ರ ಲಗೂ ಮುಟ್ಟತೈತ್ರಿ.’

ನಾನು ಉಳಿಸಿದ ಹಣ ಎಷ್ಟೆಂದು ಅವತ್ತು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಮ್ಮ ಮನೆಯ ಒಂದು ತಿಂಗಳ ಇಂಟರ್ನೆಟ್, ಒಟಿಟಿ, ವಾರಾಂತ್ಯದ ಊಟದ ಖರ್ಚಿಗಿಂತ ಹೆಚ್ಚಿರಲಿಲ್ಲ.

ನನ್ನ ಸಂಬಳ ಆರೇ ತಿಂಗಳಲ್ಲಿ ಮೊದಲಿನಂತಾಯಿತು. ದೇಶದ ಜಿಡಿಪಿಯೂ ಮೇಲೆದ್ದಿತು. ಅಕ್ಕನ ಗಂಡನಿಗೆ ಅಡ್ಡಾದಲ್ಲಿ ಕೆಲಸವೂ ಸಿಕ್ಕಿತು, ಓಲೆಯೂ ಬಿಡಿಸಿಕೊಂಡರು. ಆ ಹುಡುಗಿ ಮಾತ್ರ ಒಂಬತ್ತನೇ ತರಗತಿಗೆ ಹೋಗಲೇ ಇಲ್ಲ. ಈಗ ಅವಳೂ ನಾಲ್ಕು ಮನೆಯ ಪಾತ್ರೆ ತೊಳೆಯುತ್ತಾಳೆ. ಹಿಂಜರಿತ ಮುಗಿಯಿತೆಂದು ಅಂಕಿಅಂಶ ಹೇಳಿದರೂ ಬಡ ಮನೆಗಳಲ್ಲಿ ಅದು ಇನ್ನೊಂದು ತಲೆಮಾರಿನವರೆಗೆ ಮುಂದುವರಿಯುವುದು ಹೀಗೆ.

ನೇಮಕಾತಿ ನಿಂತ ಸುದ್ದಿ ಐಟಿ ಪಾರ್ಕುಗಳಲ್ಲಿ ಆಗಾಗ ಕೇಳಿಬರುತ್ತಲೇ ಇರುತ್ತದೆ. ಮುಂದಿನ ಸಲ ಖರ್ಚು ಕಡಿತದ ಪಟ್ಟಿ ಮಾಡುವಾಗ ಪರಊರಿನ ಕನ್ನಡಿಗರಾದ ನಾವು ಕೆಲವನ್ನು ನೆನಪಿಡಬಹುದು. ಮನೆಗೆಲಸದವರ ಪಗಾರ ಆ ಪಟ್ಟಿಯ ಕೊನೆಯಲ್ಲಿರಲಿ. ಕರ್ನಾಟಕದ ರೇಷನ್ ಕಾರ್ಡಿಗೆ ಕೇಂದ್ರದ ಪಾಲಿನ ಧಾನ್ಯ ಪುಣೆಯ ನ್ಯಾಯಬೆಲೆ ಅಂಗಡಿಯಲ್ಲೂ ಸಿಗುತ್ತದೆ, ಆಧಾರ್ ಜೋಡಣೆ ಆಗಿರಬೇಕು ಅಷ್ಟೆ. ಒಂದಿಷ್ಟನ್ನು ಇಲ್ಲಿ, ಉಳಿದದ್ದನ್ನು ಊರಲ್ಲಿ ಪಡೆಯಲೂಬಹುದು. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಅವರ ಭಾಷೆಯಲ್ಲಿ ಹೇಳಬಲ್ಲವರು ನಾವೇ. ಇನ್ನು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡರೆ ಮಕ್ಕಳ ಓದಿಗೆ ನೆರವು ಉಂಟು. ಅದಕ್ಕೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು. ಗುತ್ತಿಗೆದಾರರು ಅದನ್ನು ಕೊಡಲು ಸತಾಯಿಸುತ್ತಾರೆ. ಸೊಸೈಟಿಯ ಕೆಲಸ ಮಾಡಿಸುವಾಗ ಕೊನೆಯ ಕಂತು ಕೊಡುವ ಮುನ್ನ ‘ಪತ್ರ ಕೊಟ್ಟಿರಾ?’ ಎಂದು ನಾವೊಂದು ಮಾತು ಕೇಳಬಹುದಲ್ಲ.

ಅಕ್ಕನ ಕಿರಿಮಗ ಈ ವರ್ಷ ಎಂಟನೇ ತರಗತಿ. ಅವನ ಶುಲ್ಕ, ಪುಸ್ತಕದ ವಿಚಾರಕ್ಕೆ ನಾನು ಹೋದರೆ ಅಕ್ಕ ನಗುತ್ತಾರೆ: ‘ಅದು ನಾ ನೋಡ್ಕೋತೀನ್ರಿ. ನೀವು ಬರಬ್ಯಾಡ ಅನ್ನಬ್ಯಾಡ್ರಿ, ಸಾಕು.’

(ಲೇಖಕಿ ಪುಣೆಯ ಸಾಫ್ಟ್‌ವೇರ್ ಕಂಪನಿಯೊಂದರ ಉದ್ಯೋಗಿ)