ಎಣ್ಣೆ ಕಾಯುವವರೆಗೆ

ಮಾಗಿಯ ಮುಂಜಾನೆ ಕೊಬ್ಬರಿ ಎಣ್ಣೆಯ ಸೀಸೆಯನ್ನು ಬೋರಲು ಹಿಡಿದರೂ ಒಂದು ತೊಟ್ಟು ಬೀಳುವುದಿಲ್ಲ. ಬಿಸಿಲಿಗೆ ಇಟ್ಟ ಸ್ವಲ್ಪ ಹೊತ್ತಿಗೆ ಅದೇ ಎಣ್ಣೆ ನೀರಿನಂತೆ ಹರಿಯುತ್ತದೆ. ಎಂಜಿನ್ನಿಗೆ ಹಾಕುವ ಕೀಲೆಣ್ಣೆ ಅಷ್ಟು ಸುಲಭವಾಗಿ ಹೆಪ್ಪುಗಟ್ಟುವುದಿಲ್ಲವಾದರೂ ಚಳಿಗೆ ಅದೂ ಮಂದವಾಗುತ್ತದೆ. ಜರ್ಮನಿ, ಸ್ವೀಡನ್, ಕೆನಡಗಳಂಥ ದೇಶಗಳಲ್ಲಿ ಚಳಿಗಾಲದ ಬೆಳಗಿನ ಉಷ್ಣತೆ ಅನೇಕ ಸಲ ಸೊನ್ನೆ ಡಿಗ್ರಿಗಿಂತಲೂ ಕೆಳಗೆ ಇಳಿದಿರುತ್ತದೆ. ಅಂಥ ಬೆಳಗಿನಲ್ಲಿ ಅತಿವೇಗದ ಕಾರೊಂದನ್ನು ಹೊರಡಿಸಿದೊಡನೆ ಅದರ ಶಕ್ತಿಯನ್ನೆಲ್ಲ ಹೊಮ್ಮಿಸಲು ಹೊರಟರೆ, ಬಹು ಬೆಲೆಯ ಎಂಜಿನ್ನಿಗೆ ಒದಗುವ ಹಾನಿ ಸಾಮಾನ್ಯವಾದುದಲ್ಲ. ಆ ಹಾನಿ ಒಂದೇ ದಿನದಲ್ಲಿ ಕಣ್ಣಿಗೆ ಕಾಣಿಸುವುದೂ ಇಲ್ಲ.

ಎಣ್ಣೆ ಲೋಹವನ್ನು ನುಣುಪು ಮಾಡುತ್ತದೆ, ಅದರಿಂದ ಘರ್ಷಣೆ ಕಡಮೆಯಾಗುತ್ತದೆ ಎಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಅದು ಇದಕ್ಕಿಂತ ದೊಡ್ಡ ಕೆಲಸವೊಂದನ್ನು ಮಾಡುತ್ತದೆಂಬುದು ಬೆಳಕಿಗೆ ಬಂದದ್ದು ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರರು 1883ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ. ರೈಲು ಬಂಡಿಯ ಅಚ್ಚನ್ನು ಹೊರುವಂಥ ಬೇರಿಂಗಿನ ನೆತ್ತಿಯಲ್ಲಿ, ಎಣ್ಣೆ ಬಿಡುವುದಕ್ಕೆಂದು ಅವರು ಒಂದು ರಂಧ್ರವನ್ನು ಕೊರೆಸಿದರು. ಅಚ್ಚು ತಿರುಗತೊಡಗಿದಾಗ ಆ ರಂಧ್ರದಿಂದ ಎಣ್ಣೆ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿ ಮುಚ್ಚಿದರು. ಅದು ಹೊರಕ್ಕೆ ಬಂತು. ಮರದ ಬೆಣೆಯನ್ನು ಬಡಿದರು. ಅದನ್ನೂ ಎಣ್ಣೆ ಮೆಲ್ಲಮೆಲ್ಲನೆ ಹೊರಕ್ಕೆ ನೂಕಿತು. ಕೊನೆಗೆ ಒತ್ತಡಮಾಪಕವನ್ನು ಜೋಡಿಸಿ ನೋಡಿದರೆ ಅದರ ಮುಳ್ಳು ಚದರ ಅಂಗುಲಕ್ಕೆ 200 ಪೌಂಡನ್ನೂ ಮೀರಿತು. ತಿರುಗುವ ಅಚ್ಚು ಎಣ್ಣೆಯನ್ನು ತನ್ನೊಡನೆ ಇಕ್ಕಟ್ಟಾದ ಸಂದಿಗೆ ಎಳೆದೊಯ್ಯುತ್ತದೆ. ಅಲ್ಲಿ ಹುಟ್ಟುವ ಒತ್ತಡವೇ ಇಡೀ ಭಾರವನ್ನು ಎತ್ತಿ ಹಿಡಿಯುತ್ತದೆ. ಅಂದರೆ ಲೋಹವು ಲೋಹದ ಮೇಲೆ ಉರುಳುವುದಿಲ್ಲ, ಎಣ್ಣೆಯ ಮೇಲೆ ತೇಲುತ್ತದೆ! ಮೂರು ವರ್ಷಗಳ ಬಳಿಕ, 1886ರಲ್ಲಿ, ಆಸ್ಬರ್ನ್ ರೆನಾಲ್ಡ್ಸ್ ಅವರು ಇದಕ್ಕೆ ಗಣಿತದ ವಿವರಣೆಯನ್ನು ಒದಗಿಸಿದರು.

ಕಾರಿನ ಎಂಜಿನ್ನಿನ ಬೇರಿಂಗುಗಳು ಇಂದಿಗೂ ಇದೇ ತತ್ತ್ವದ ಮೇಲೆ ನಡೆಯುತ್ತವೆ. ಈ ಎಣ್ಣೆಯ ಪೊರೆ ತಲೆಗೂದಲಿಗಿಂತ ಎಷ್ಟೋ ಪಾಲು ತೆಳುವು. ಅದು ಕಡಿಯದಂತೆ ಇರಬೇಕಾದರೆ ಎಣ್ಣೆ ಎಡೆಬಿಡದೆ ಬಂದು ಸೇರುತ್ತಿರಬೇಕು. ತಳದ ತೊಟ್ಟಿಯಿಂದ ಎಣ್ಣೆಯನ್ನು ಹೀರಿ ಮೇಲಕ್ಕೆ ಕಳುಹಿಸುವುದು ಪಂಪಿನ ಕೆಲಸ. ಚಳಿಯಲ್ಲಿ ಎಣ್ಣೆಯ ಸ್ನಿಗ್ಧತೆ ಹೆಚ್ಚುವುದರಿಂದ ಕಿರಿದಾದ ನಾಳಗಳಲ್ಲಿ ಅದು ತಡವರಿಸಿಕೊಂಡು ಸಾಗುತ್ತದೆ. ವಿಚಿತ್ರವೆಂದರೆ, ಆಗಲೇ ಒತ್ತಡಮಾಪಕ ಹೆಚ್ಚಿನ ಅಂಕವನ್ನು ತೋರಿಸುತ್ತದೆ. ಚಾಲಕನು ಅದನ್ನು ಕಂಡು ಎಲ್ಲವೂ ಸರಿಯಾಗಿದೆಯೆಂದು ನಂಬಬಾರದು. ಮಂದವಾದ ಎಣ್ಣೆ ಮುಂದೆ ಹರಿಯಲಾರದೆ ಒತ್ತುತ್ತಿರುವುದರ ಗುರುತು ಅದು. ಒತ್ತಡ ಮಿತಿಮೀರಿದಾಗ ಕವಾಟವೊಂದು ತೆರೆದುಕೊಂಡು, ಬೇರಿಂಗುಗಳನ್ನು ತಲುಪಬೇಕಾದ ಎಣ್ಣೆಯಲ್ಲಿ ಒಂದಷ್ಟು ಪಂಪಿನಿಂದಲೇ ಹಿಂದಿರುಗಿಬಿಡುತ್ತದೆ. ಸೋಸುವ ಫಿಲ್ಟರಿನ ಮೂಲಕ ನುಸುಳಲಾರದ ಎಣ್ಣೆ ಇನ್ನೊಂದು ಕವಾಟದ ದಾರಿಯಾಗಿ ಸೋಸದೆಯೇ ಎಂಜಿನ್ನನ್ನು ಸೇರುವುದೂ ಉಂಟು.

ಎಣ್ಣೆಯ ಡಬ್ಬಿಯ ಮೇಲೆ ‘5ಡಬ್ಲ್ಯು-40’ ಎಂದು ಬರೆದಿರುತ್ತದೆ. ಡಬ್ಲ್ಯು ಅಕ್ಷರಕ್ಕೆ ತೂಕವೆಂದು ಅರ್ಥ ಹೇಳುವವರಿದ್ದಾರೆ, ಅದು ತಪ್ಪು. ಅದು ‘ವಿಂಟರ್’, ಅಂದರೆ ಚಳಿಗಾಲ, ಎಂಬುದರ ಸೂಚಕ. ಅದರ ಹಿಂದಿನ ಅಂಕಿ ಕಿರಿದಾದಷ್ಟೂ ಎಣ್ಣೆ ಹೆಚ್ಚಿನ ಚಳಿಯನ್ನು ತಾಳಬಲ್ಲದು. 5ಡಬ್ಲ್ಯು ಎಣ್ಣೆ ಎಂಜಿನ್ನನ್ನು ಎಷ್ಟು ಸುಲಭವಾಗಿ ತಿರುಗಲು ಬಿಡುತ್ತದೆಂಬುದನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗೂ, 0ಡಬ್ಲ್ಯು ಎಣ್ಣೆಯನ್ನು 35 ಡಿಗ್ರಿ ಕೆಳಗೂ ಪರೀಕ್ಷಿಸುತ್ತಾರೆ. ಎರಡನೆಯ ಅಂಕಿ ಕಾದ ಎಣ್ಣೆಯ ಸ್ನಿಗ್ಧತೆಗೆ ಸಂಬಂಧಿಸಿದ್ದು. ಅದನ್ನು ಅಳೆಯುವುದು 100 ಡಿಗ್ರಿಯಲ್ಲಿ. ಎಂಜಿನ್ನನ್ನು ರೂಪಿಸುವವರು ಲೆಕ್ಕ ಹಾಕುವುದೂ ಸುಮಾರಾಗಿ ಈ ಕಾದ ಸ್ಥಿತಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು.

ವೇಗದ ಕಾರುಗಳಲ್ಲಿ ತೊಡಕು ಇಮ್ಮಡಿಯಾಗುತ್ತದೆ. ಎಂಜಿನ್ ನಿಮಿಷಕ್ಕೆ 8000 ಸುತ್ತು ತಿರುಗುವಾಗ ಪ್ರತಿಯೊಂದು ಪಿಸ್ಟನ್ನೂ ಸೆಕೆಂಡಿಗೆ 130ಕ್ಕಿಂತ ಹೆಚ್ಚು ಸಲ ಮೇಲೇರಿ ಕೆಳಗಿಳಿಯಬೇಕು. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಅದು ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಆದುದರಿಂದ ಅದು ಕಾದ ಮೇಲೆ ಮಾತ್ರ ಸಿಲಿಂಡರಿಗೆ ಸರಿಯಾಗಿ ಹೊಂದಿಕೊಳ್ಳುತ್ತದೆ. ಫಾರ್ಮುಲಾ ಒನ್ ಪಂದ್ಯದ ಎಂಜಿನ್ನುಗಳಲ್ಲಂತೂ ಸಂದಿಗಳು ಎಷ್ಟು ಬಿಗಿಯೆಂದರೆ, ಬಿಸಿಮಾಡಿದ ದ್ರವವನ್ನು ಮೊದಲು ಒಳಗೆ ಹರಿಸಿ ಬೆಚ್ಚಗಾಗಿಸದೆ ಅವುಗಳನ್ನು ಚಾಲನೆ ಮಾಡುವುದೇ ಇಲ್ಲ.

ಬಹುಪಾಲು ಚಾಲಕರನ್ನು ದಾರಿ ತಪ್ಪಿಸುವುದು ನೀರಿನ ಉಷ್ಣತೆಯ ಮುಳ್ಳು. ಎಂಜಿನ್ನನ್ನು ತಂಪು ಮಾಡುವ ನೀರು ಸಿಲಿಂಡರುಗಳ ಸುತ್ತಲೇ ಹರಿಯುವುದರಿಂದ ಬೇಗ ಕಾಯುತ್ತದೆ. ಮುಳ್ಳು ನಡುವೆ ಬಂದು ನಿಂತೊಡನೆ ಎಂಜಿನ್ ಸಿದ್ಧವಾಯಿತೆಂದು ಭಾವಿಸುವುದು ವಾಡಿಕೆ. ಆದರೆ ತಳದ ತೊಟ್ಟಿಗೆ ಹೊರಗಿನ ಶೀತಗಾಳಿ ಬಡಿಯುತ್ತಿರುತ್ತದೆ. ಅದರಲ್ಲಿರುವ ಎಣ್ಣೆ ಹದಕ್ಕೆ ಬರಲು ಇಮ್ಮಡಿ ಹೊತ್ತು ಬೇಕಾದರೂ ಆಶ್ಚರ್ಯವಿಲ್ಲ. 1998ರಲ್ಲಿ ಹೊರಬಂದ ಬಿಎಂಡಬ್ಲ್ಯು ಎಂ5 ಕಾರಿನಲ್ಲಿ ಇದಕ್ಕೆ ಜಾಣತನದ ಉಪಾಯವೊಂದಿತ್ತು. ಸುತ್ತುಗಳನ್ನು ತೋರಿಸುವ ಮಾಪಕದ ಅಂಚಿನಲ್ಲಿ ಸಣ್ಣ ದೀಪಗಳ ಸಾಲಿತ್ತು. ಎಣ್ಣೆ ತಣ್ಣಗಿರುವಾಗ ಅವು ಉರಿಯುತ್ತ ಹೆಚ್ಚಿನ ಸುತ್ತುಗಳನ್ನು ನಿಷೇಧಿಸುತ್ತಿದ್ದವು. ಎಣ್ಣೆ ಕಾದಂತೆ ಒಂದೊಂದಾಗಿ ಆರುತ್ತಿದ್ದವು.

ಹಾಗಾದರೆ ಮನೆಯ ಮುಂದೆಯೇ ಎಂಜಿನ್ನನ್ನು ಓಡಿಸುತ್ತ ನಿಲ್ಲಿಸಿದರೆ ಆಗದೆ? ಆಗದು. ಭಾರವಿಲ್ಲದೆ ತಿರುಗುವ ಎಂಜಿನ್ನಿನಲ್ಲಿ ಹುಟ್ಟುವ ಶಾಖ ಸ್ವಲ್ಪವೇ. ಅಷ್ಟರಲ್ಲಿ ಸರಿಯಾಗಿ ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಹಾಕುತ್ತದೆ. ಜರ್ಮನಿಯಲ್ಲಿ ಎಂಜಿನ್ನನ್ನು ಹೀಗೆ ವೃಥಾ ಓಡಿಸುವುದು ಸಂಚಾರ ನಿಯಮಕ್ಕೆ ವಿರುದ್ಧವೂ ಹೌದು. ಕೆಲವು ಕ್ಷಣ ಬಿಟ್ಟು ಹೊರಟು, ಮೊದಲ ಹಲವು ಕಿಲೋಮೀಟರುಗಳನ್ನು ಹದವಾದ ಸುತ್ತುಗಳಲ್ಲಿ ಸಾಗುವುದೇ ಮೇಲು. ಎಣ್ಣೆಯ ಉಷ್ಣತೆ 80 ಡಿಗ್ರಿಯನ್ನು ದಾಟಿದ ಮೇಲೆ ಎಂಜಿನ್ನಿನ ಪೂರ್ಣ ಶಕ್ತಿಯನ್ನು ಬಳಸಲು ಅಡ್ಡಿಯಿಲ್ಲವೆಂದು ಅನುಭವಿಗಳು ಎಣಿಸುತ್ತಾರೆ.

ಎಣ್ಣೆ ಕಾಯಬೇಕೆನ್ನುವುದಕ್ಕೆ ಇನ್ನೊಂದು ಕಾರಣವೂ ಉಂಟು. ಒಂದು ಲೀಟರು ಪೆಟ್ರೋಲು ಉರಿದಾಗ ಹೆಚ್ಚುಕಡಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಅದರ ಬಹುಭಾಗ ಹೊಗೆಯೊಡನೆ ಆವಿಯಾಗಿ ಹೊರಹೋಗುತ್ತದೆ. ಅತ್ಯಲ್ಪ ಭಾಗ ಪಿಸ್ಟನ್ನಿನ ಪಕ್ಕದಿಂದ ನುಸುಳಿ ಎಣ್ಣೆಗೆ ಸೇರುತ್ತದೆ. ಚಳಿಗಾಲದಲ್ಲಿ ಮತ್ತೆ ಮತ್ತೆ ಎರಡು ಮೂರು ಕಿಲೋಮೀಟರು ಮಾತ್ರ ಓಡಿ ನಿಲ್ಲುವ ಕಾರಿನ ಎಣ್ಣೆಮುಚ್ಚಳದ ಅಡಿಯಲ್ಲಿ ಗಟ್ಟಿ ಮಜ್ಜಿಗೆಯಂಥ ಬಿಳಿಯ ಪದಾರ್ಥ ಅಂಟಿಕೊಂಡಿರುವುದು ಇದರಿಂದಲೇ. ಎಣ್ಣೆ ಚೆನ್ನಾಗಿ ಕಾಯುವಷ್ಟು ದೂರ ಓಡಿದರೆ ಆ ನೀರು ಆವಿಯಾಗಿ ಹೋಗುತ್ತದೆ.

ವೇಗದ ಕಾರುಗಳಿಗೆ ಬೇಸಗೆಯ ಪಂದ್ಯದ ಕಾವನ್ನು ತಡೆಯಲೆಂದು ಎಣ್ಣೆಯನ್ನು ತಂಪು ಮಾಡುವ ಪ್ರತ್ಯೇಕ ರೇಡಿಯೇಟರನ್ನು ಇಟ್ಟಿರುತ್ತಾರೆ. ಹಿಮಗಾಳಿಯಲ್ಲಿ ಇದೇ ಉಪಕಾರ ಅಪಕಾರವಾಗಿ, ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿದರೂ ಎಣ್ಣೆ ಹದಕ್ಕೆ ಬಾರದಿರಬಹುದು. ಆದಕಾರಣ ಎಣ್ಣೆ ಕಾಯುವವರೆಗೆ ಆ ದಾರಿಯನ್ನು ಮುಚ್ಚಿರುವ ಥರ್ಮೋಸ್ಟಾಟ್ ಕವಾಟವನ್ನು ಅಳವಡಿಸುವುದುಂಟು. ಅದಿಲ್ಲದ ಪಂದ್ಯದ ಕಾರುಗಳಲ್ಲಿ, ಚಳಿಯ ದಿನ ರೇಡಿಯೇಟರಿನ ಮುಖಕ್ಕೆ ಅಗಲವಾದ ಅಂಟುಪಟ್ಟಿಯನ್ನು ಬಳಿದು, ಬಿಸಿಲೇರಿದಂತೆ ಒಂದೊಂದೇ ಪಟ್ಟಿಯನ್ನು ಕೀಳುತ್ತ ಹೋಗುತ್ತಾರೆ.